ಹೈಬ್ರಿಡ್ ಪಿಕಪ್‌ಗೆ ಹೆಚ್ಚುವರಿ ದೀಪ: ತಂತಿ ಎಲ್ಲಿಂದ ಎಳೆಯಬೇಕು?



ವಾಹನ ಕೊಂಡ ಮೇಲೆ ಅದಕ್ಕೆ ಏನಾದರೊಂದು ಜೋಡಿಸಬೇಕೆಂಬ ಆಸೆ ಬಹಳ ಜನರಿಗೆ ಇರುತ್ತದೆ. ಮಂಜಿನ ದೀಪ, ದೊಡ್ಡ ಹಾರನ್, ಸ್ಪೀಕರ್, ಸಣ್ಣ ಫ್ರಿಜ್ ಹೀಗೆ ಪಟ್ಟಿ ಬೆಳೆಯುತ್ತದೆ. ಹಳೆಯ ವಾಹನಗಳಲ್ಲಿ ಬ್ಯಾಟರಿಯಿಂದ ಒಂದು ತಂತಿ ಎಳೆದು, ಇನ್ನೊಂದನ್ನು ಬಾಡಿಗೆ ಬಿಗಿದರೆ ದೀಪ ಉರಿಯುತ್ತಿತ್ತು. ಹೈಬ್ರಿಡ್ ವಾಹನದಲ್ಲಿ ಅಷ್ಟೇ ತಿಳಿದಿದ್ದರೆ ಸಾಲದು. ಏಕೆಂದರೆ ಅಲ್ಲಿರುವುದು ಒಂದು ವಿದ್ಯುತ್ ವ್ಯವಸ್ಥೆಯಲ್ಲ, ಎರಡು.

ಪಿಕಪ್ ಎಂಬುದು ಅಮೆರಿಕದ ರೈತರ, ಬಡಗಿಗಳ, ಗುತ್ತಿಗೆದಾರರ ದಿನನಿತ್ಯದ ವಾಹನ. ಫೋರ್ಡ್ ಕಂಪನಿ 2021ರ ಮಾದರಿಯಲ್ಲಿ ಎಫ್-150 ಪವರ್‌ಬೂಸ್ಟ್ ಹೈಬ್ರಿಡನ್ನೂ, 2022ರ ಮಾದರಿಯಲ್ಲಿ ಚಿಕ್ಕ ಗಾತ್ರದ ಮ್ಯಾವರಿಕ್ ಹೈಬ್ರಿಡನ್ನೂ ತಂದಿತು. ಟೊಯೋಟ ಕಂಪನಿಯ ಟಂಡ್ರಾ ಹೈಬ್ರಿಡ್ ಕೂಡ 2022ರ ಮಾದರಿಯೇ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಇಂಥ ವಾಹನ ಕೊಂಡಾಗ ಈ ವಿಷಯ ಅವರಿಗೆ ನೇರವಾಗಿ ಬೇಕಾಗುತ್ತದೆ. ಇಲ್ಲಿರುವವರಿಗೂ ಇದು ದೂರದ ಮಾತಲ್ಲ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿಗೂ ಮೂಲ ತತ್ವ ಇದೇ.

ಮೊದಲು ಆ ಎರಡು ವ್ಯವಸ್ಥೆಗಳನ್ನು ಪರಿಚಯ ಮಾಡಿಕೊಳ್ಳೋಣ. ಒಂದು, ಚಕ್ರ ತಿರುಗಿಸಲು ನೆರವಾಗುವ ದೊಡ್ಡ ಬ್ಯಾಟರಿ. ಟಂಡ್ರಾದಲ್ಲಿ ಇದು 288 ವೋಲ್ಟಿನದು; ಹಿಂಬದಿಯ ಆಸನದ ಕೆಳಗಿದೆ. ಇದಕ್ಕೆ ಸೇರಿದ ಕೇಬಲ್‌ಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಇದು ಜೀವ ತೆಗೆಯುವಷ್ಟು ವಿದ್ಯುತ್. ಎರಡನೆಯದು ನಮಗೆಲ್ಲ ಪರಿಚಯವಿರುವ 12 ವೋಲ್ಟಿನ ವ್ಯವಸ್ಥೆ. ದೀಪ, ಹಾರನ್, ರೇಡಿಯೊ, ಕಂಪ್ಯೂಟರ್ ಎಲ್ಲವೂ ಇದರ ಮೇಲೆ ನಡೆಯುತ್ತವೆ. ನಾವು ಜೋಡಿಸುವ ಯಾವುದೇ ಸಾಮಾನು ಸೇರಬೇಕಾದದ್ದು ಈ ಎರಡನೆಯದಕ್ಕೆ ಮಾತ್ರ. ಕಿತ್ತಳೆ ಬಣ್ಣ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಹಾಗೆಯೇ ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಅವನ್ನೂ ಮುಟ್ಟಬಾರದು. ತೂತು ಕೊರೆಯುವ ಮುಂಚೆ ಹಲಗೆಯ ಆ ಬದಿಯಲ್ಲಿ ಏನಿದೆ ಎಂದು ಬಗ್ಗಿ ನೋಡುವುದು ಕಡ್ಡಾಯ.

ಇಲ್ಲಿ ಬಹಳ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಫ್ರಿಜ್ಜನ್ನು ರಾತ್ರಿಯಿಡೀ ಓಡಿಸಿದರೇನು ಎಂದುಕೊಳ್ಳುತ್ತಾರೆ. ವಾಹನ ಆಫ್ ಮಾಡಿದ ಕೂಡಲೇ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತದೆ. ಆಮೇಲೆ ಉಳಿಯುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ ಒಂದೇ. ಹಲವು ಹೈಬ್ರಿಡ್‌ಗಳಲ್ಲಿ ಎಂಜಿನ್ ತಿರುಗಿಸುವ ಕೆಲಸ ಅದರದ್ದಲ್ಲವಾದ್ದರಿಂದ ಅದರ ಗಾತ್ರವೂ ಸಾಧಾರಣ. 45 ಆಂಪಿಯರ್-ಅವರ್ ಬ್ಯಾಟರಿ ಎಂದಿಟ್ಟುಕೊಳ್ಳಿ. ಫ್ರಿಜ್ ಸರಾಸರಿ 4 ಆಂಪಿಯರ್ ಎಳೆದರೆ ಹನ್ನೊಂದು ಗಂಟೆಯಲ್ಲಿ ಅದು ಬರಿದು. ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಬ್ಯಾಟರಿ ತುಂಬಿರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುತ್ತದೆ, ಆದರೆ ಗಾಡಿ ಏಳುವುದಿಲ್ಲ. ದೊಡ್ಡ ಬ್ಯಾಟರಿಯ ಬಾಗಿಲು ತೆರೆಯುವ ಬೀಗದ ಕೈ ಚಿಕ್ಕ ಬ್ಯಾಟರಿಯ ಬಳಿಯೇ ಇದೆ ಎಂಬುದನ್ನು ನೆನಪಿಡಿ.

ಇನ್ನು ತಂತಿಯ ಲೆಕ್ಕ. ಇದು ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 60 ವ್ಯಾಟಿನ ಎರಡು ದೀಪ ಎಂದರೆ 120 ವ್ಯಾಟ್, ಅಂದರೆ 10 ಆಂಪಿಯರ್. ಇದನ್ನು ಆರು ಮೀಟರ್ ದೂರದ ಹಿಂಬದಿಗೆ 1 ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ ಒಯ್ದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ನಷ್ಟ. ಆ ನಷ್ಟವೆಲ್ಲ ತಂತಿಯಲ್ಲಿ ಶಾಖವಾಗುತ್ತದೆ. 2.5 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ನಾಲ್ಕು ಕಾಸು ಉಳಿಸಲು ತೆಳು ತಂತಿ ಹಾಕುವುದು ಲಾಭದ ವ್ಯವಹಾರವಲ್ಲ.

ಫ್ಯೂಸ್ ಇರುವುದು ದೀಪವನ್ನು ಕಾಪಾಡುವುದಕ್ಕಲ್ಲ, ತಂತಿಯನ್ನು ಕಾಪಾಡುವುದಕ್ಕೆ. ತಂತಿಯ ಹೊದಿಕೆ ಉಜ್ಜಿ ಸವೆದು ಬಾಡಿಗೆ ತಗುಲಿತೆಂದರೆ ಚಿಕ್ಕ ಬ್ಯಾಟರಿಯೂ ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ತಂತಿ ಕೆಂಪಗೆ ಕಾಯುತ್ತದೆ, ಪಕ್ಕದ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತುತ್ತದೆ. ಆದ್ದರಿಂದ ಫ್ಯೂಸ್ ಇರಬೇಕಾದ ಜಾಗ ದೀಪದ ಹತ್ತಿರವಲ್ಲ, ವಿದ್ಯುತ್ ಹೊರಡುವ ಕಡೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆಯೆಂದು ದೊಡ್ಡದನ್ನು ಹಾಕುವವರಿದ್ದಾರೆ. ಅದು ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಬಿಸಾಡಿದಂತೆ. ಕಾರಣ ಹುಡುಕಿ. ಹೆಚ್ಚು ಕರೆಂಟ್ ಎಳೆಯುವ ದೀಪಕ್ಕೆ ರಿಲೇ ಹಾಕಿ. ಆಗ ಚಾಲಕನ ಮುಂದಿನ ಸ್ವಿಚ್ಚಿನಲ್ಲಿ ಅಲ್ಪ ಕರೆಂಟ್ ಮಾತ್ರ ಹರಿಯುತ್ತದೆ. ಆ ರಿಲೇಗೆ ವಾಹನ ಆನ್ ಇರುವಾಗ ಮಾತ್ರ ಜೀವ ಬರುವಂತೆ ಜೋಡಿಸಿದರೆ, ದೀಪ ಆರಿಸಲು ಮರೆತರೂ ಬ್ಯಾಟರಿ ಉಳಿಯುತ್ತದೆ.

ಇನ್ನು ಅರ್ತ್ ವಿಚಾರ. ಇಂದಿನ ಅನೇಕ ವಾಹನಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಒಂದು ಪುಟ್ಟ ಸೆನ್ಸರ್ ಕುಳಿತಿರುತ್ತದೆ. ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಎಂದು ಅದು ಲೆಕ್ಕ ಇಡುತ್ತದೆ. ನಿಮ್ಮ ದೀಪದ ಅರ್ತನ್ನು ನೇರವಾಗಿ ಆ ತುದಿಗೆ ಕಟ್ಟಿದರೆ ಅದರ ಖರ್ಚು ಲೆಕ್ಕಕ್ಕೆ ಬರುವುದೇ ಇಲ್ಲ. ಕಂಪ್ಯೂಟರ್ ಬ್ಯಾಟರಿ ತುಂಬಿದೆಯೆಂದು ಭ್ರಮಿಸುತ್ತದೆ. ಕಂಪನಿ ಗುರುತಿಸಿದ ಅರ್ತ್ ಬೋಲ್ಟಿಗೇ ಕಟ್ಟಬೇಕು. ಮತ್ತೊಂದು ಸೂಕ್ಷ್ಮವಿದೆ. 2022ರ ಮಾದರಿಯಿಂದ ಟಂಡ್ರಾದ ಸರಕು ತೊಟ್ಟಿ ಉಕ್ಕಿನದಲ್ಲ, ಪ್ಲಾಸ್ಟಿಕ್ ಬೆರೆತ ಸಂಯುಕ್ತ ವಸ್ತುವಿನದು. ಅದಕ್ಕೆ ಸ್ಕ್ರೂ ಹೊಡೆದು ಅರ್ತ್ ಹಿಡಿದರೆ ದೀಪ ಉರಿಯದು. ಎಫ್-150ರ ಬಾಡಿ 2015ರ ಮಾದರಿಯಿಂದ ಅಲ್ಯೂಮಿನಿಯಂ. ಅದಕ್ಕೆ ಬರಿಯ ಉಕ್ಕಿನ ಸ್ಕ್ರೂ ಹಾಕಿದರೆ ತೇವ ಸೇರಿ ಆ ಜಾಗ ಸವೆಯುತ್ತದೆ.

ಹಾಗಾದರೆ ಸುಲಭ ದಾರಿ ಯಾವುದು? ಕಂಪನಿಯವರೇ ಬಿಟ್ಟಿರುವ ಬಾಗಿಲನ್ನು ಬಳಸುವುದು. ಮ್ಯಾವರಿಕ್ ಪಿಕಪ್ಪಿನ ತೊಟ್ಟಿಯ ಹಿಂಭಾಗದಲ್ಲಿ 12 ವೋಲ್ಟ್, 20 ಆಂಪಿಯರಿನ ಎರಡು ಸಂಪರ್ಕಗಳನ್ನು ಮೊದಲೇ ಎಳೆದಿಟ್ಟಿದ್ದಾರೆ. ಒಂದೊಂದರಿಂದ 240 ವ್ಯಾಟ್ ಪಡೆಯಬಹುದು. ತೊಟ್ಟಿಯ ದೀಪಕ್ಕೆ ಇದು ಧಾರಾಳ. ಗರಗಸ, ಹೀಟರ್‌ಗಳಂಥ ಭಾರಿ ಸಾಮಾನಿಗೆ 12 ವೋಲ್ಟಿನ ಮೇಲೆ ಇನ್ವರ್ಟರ್ ಹಾಕುವುದು ಜಾಣತನವಲ್ಲ. 1000 ವ್ಯಾಟಿಗೆ 83 ಆಂಪಿಯರಿಗೂ ಮೇಲೆ ಬೇಕು. ಎಫ್-150 ಹೈಬ್ರಿಡ್‌ನಲ್ಲಿ ಅದಕ್ಕಾಗಿಯೇ ತೊಟ್ಟಿಯಲ್ಲಿ ಮನೆಯಂಥ ಪ್ಲಗ್ ಪಾಯಿಂಟುಗಳಿವೆ, 2.4 ಕಿಲೋವ್ಯಾಟ್, ಹೆಚ್ಚು ಹಣ ಕೊಟ್ಟರೆ 7.2 ಕಿಲೋವ್ಯಾಟ್. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹಿಮ ಬಿದ್ದು ವಿದ್ಯುತ್ ಕಡಿದಾಗ, ಈ ಸೌಲಭ್ಯವಿದ್ದ ಪಿಕಪ್‌ಗಳನ್ನು ಕಷ್ಟದಲ್ಲಿರುವವರಿಗೆ ಎರವಲು ಕೊಡಿರೆಂದು ಫೋರ್ಡ್ ಕಂಪನಿ ಅಲ್ಲಿನ ಮಾರಾಟಗಾರರನ್ನು ಕೇಳಿಕೊಂಡಿತ್ತು.

ಕೊನೆಯದಾಗಿ ಕೆಲಸ ಶುರುಮಾಡುವ ಕ್ರಮ. ಹೈಬ್ರಿಡ್ ಸದ್ದಿಲ್ಲದೆ ನಿಂತಿದ್ದರೂ ಆನ್ ಆಗಿರಬಹುದು. ಡ್ಯಾಶ್‌ಬೋರ್ಡಿನಲ್ಲಿ ಚಾಲನೆಗೆ ಸಿದ್ಧ ಎಂಬ ಗುರುತು ಆರಿದೆಯೇ ನೋಡಿ. ಬೀಗದ ಕೈಯನ್ನು ವಾಹನದಿಂದ ದೂರ ಇಡಿ. ವಾಹನದ ಕೈಪಿಡಿ ಹೇಳಿದ ಕ್ರಮದಲ್ಲಿ 12 ವೋಲ್ಟಿನ ನೆಗೆಟಿವ್ ಕಳಚಿ, ಆಮೇಲೆ ತಂತಿ ಮುಟ್ಟಿ. ದೊಡ್ಡ ಬ್ಯಾಟರಿಯ ಭಾಗ ಬಿಚ್ಚಬೇಕಾದ ಕೆಲಸ ಬಂದರೆ ಅದು ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಟ್ಟದ್ದು. ವಿದ್ಯುತ್ ಕಡಿದ ಮೇಲೂ ಅಲ್ಲಿ ಕೆಲವು ನಿಮಿಷ ಚಾರ್ಜ್ ಉಳಿದಿರುತ್ತದೆ.

ಸಾಮಾನು ಯಾವುದೇ ಇರಲಿ, ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಎಷ್ಟು ಆಂಪಿಯರ್ ಬೇಕು? ತಂತಿ ಎಲ್ಲಿಂದ ಹೊರಡುತ್ತದೆ, ಅಲ್ಲಿ ಫ್ಯೂಸ್ ಇದೆಯೇ? ಗಾಡಿ ನಿಂತಾಗ ಇದೂ ನಿಲ್ಲುತ್ತದೆಯೇ? ಈ ಮೂರಕ್ಕೂ ಉತ್ತರ ಹೇಳಬಲ್ಲ ಎಲೆಕ್ಟ್ರಿಷಿಯನ್ ಸಿಕ್ಕರೆ ಕೆಲಸ ಧೈರ್ಯವಾಗಿ ಒಪ್ಪಿಸಬಹುದು.