ಕಾರ್ಖಾನೆ ಮುಚ್ಚಿತು, ಗಾಡಿ ನಿಲ್ಲಲಿಲ್ಲ



ನಮ್ಮ ಕಡೆಯ ಗಡಿಯೂರುಗಳಲ್ಲಿ ಮೈಸೂರು ಎಂದರೆ ಬೇರೆ ರಾಜ್ಯದ ಪಟ್ಟಣ ಎಂದು ಯಾರಿಗೂ ಅನ್ನಿಸುವುದಿಲ್ಲ. ತಾಳವಾಡಿಯವರು ಚಾಮರಾಜನಗರ ದಾಟಿದರೆ ಮೈಸೂರು. ಸುಲ್ತಾನ್ ಬತ್ತೇರಿಯವರೂ ಗೂಡಲೂರಿನವರೂ ಬಂಡೀಪುರದ ಕಾಡು ಕಳೆದು ಗುಂಡ್ಲುಪೇಟೆಗೆ ಬಂದರೆ ಅಲ್ಲಿಂದ ಮುಂದೆ ಮೈಸೂರೇ. ಆಸ್ಪತ್ರೆಗೆ, ಮದುವೆಯ ಜವಳಿಗೆ, ದಸರೆಗೆ ಅಲ್ಲಿಗೇ ಹೋಗುವುದು ಹಿಂದಿನಿಂದ ಬಂದ ರೂಢಿ. ಅಲ್ಲಿಂದ ನಮ್ಮ ಕಡೆಗೆ ರೇಷ್ಮೆ ಬಂತು, ಊದುಬತ್ತಿ ಬಂತು, ವೀಳ್ಯದೆಲೆ ಬಂತು. ಒಂದು ಮೋಟಾರ್ ಸೈಕಲ್ಲೂ ಬಂತು. ಮೊದಲು ಅದರ ಹೆಸರು ಜಾವಾ, ಆಮೇಲೆ ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದ ಮೇಲೆ ಆ ಗಾಡಿಯನ್ನು ಮೆಚ್ಚಿದ ಜನ ಏನು ಮಾಡಿದರು ಎಂಬುದೇ ಇಂದಿನ ಮಾತು.

ಹುಟ್ಟಿನ ಕಥೆ ಸ್ವಲ್ಪ ದೂರದ್ದು. ಚೆಕ್ ದೇಶದ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬ ಯಂತ್ರೋದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಪಡೆದ. ಅವನ ಹೆಸರಿನ ಮೊದಲ ಎರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರ, ಎರಡನ್ನೂ ಕೂಡಿಸಿ ಮಾಡಿದ ಹೆಸರೇ ಜಾವಾ. ಜಾವಾ ದ್ವೀಪಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಮುಂಬಯಿಯ ಇರಾನಿ ಕುಟುಂಬದವರು ಮೊದಮೊದಲು ಈ ಗಾಡಿಗಳನ್ನು ಹಡಗಿನಲ್ಲಿ ತರಿಸಿ ಮಾರುತ್ತಿದ್ದರು. ವಿದೇಶದ ಸಾಮಾನಿಗೆ ಸರ್ಕಾರ ಬಿಗಿ ಮಾಡಿದಾಗ ಇಲ್ಲಿಯೇ ತಯಾರಿಸಲು ಮುಂದಾದರು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಕಟ್ಟಿದ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಚೆಕ್ ಕಂಪನಿಯೊಡನೆ ಒಪ್ಪಂದ ತೀರಿದ ಮೇಲೆ 1970ರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರಿಟ್ಟರು. ಇರಾನ್ ದೇಶದ ಯಜ್ದ್ ಎಂಬ ಊರಿನ ನೆನಪಿಗೆ ಇಟ್ಟ ಹೆಸರು ಅದು. ಜನ ಮಾತ್ರ ಯೆಜ್ಡಿಯನ್ನೂ ಜಾವಾ ಎಂದೇ ಬಹಳ ಕಾಲ ಕರೆದರು. ಒಮ್ಮೆ ನಾಲಿಗೆಗೆ ಹತ್ತಿದ ಹೆಸರು ಅಷ್ಟು ಬೇಗ ಬಿಡುವುದಿಲ್ಲ.

ಗಾಡಿ ಹೇಗಿತ್ತು ಎಂದು ತಿಳಿಯದೆ ಅಭಿಮಾನ ಏಕೆ ಎಂಬುದು ತಿಳಿಯುವುದಿಲ್ಲ. ಎಂಜಿನ್ನಿಗೆ ಒಂದೇ ಸಿಲಿಂಡರು, ಆದರೆ ಹೊಗೆ ಕೊಳವೆ ಎರಡು, ಎಡಕ್ಕೊಂದು ಬಲಕ್ಕೊಂದು. 250 ಸಿ.ಸಿ. ಎಂಜಿನ್ನು, ಟೂ ಸ್ಟ್ರೋಕ್ ಜಾತಿಯದು. ಎಂದರೆ ಪಿಸ್ಟನ್ನು ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುವಷ್ಟರಲ್ಲಿ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ಬುಲೆಟ್ಟಿನಲ್ಲಿರುವ ವಾಲ್ವುಗಳು ಇದರಲ್ಲಿ ಇಲ್ಲ. ಒಡೆಯುವ ಭಾಗಗಳು ಕಡಿಮೆ, ಬಿಚ್ಚುವುದು ಸುಲಭ. ಎಂಜಿನ್ನಿಗೆ ಬೇಕಾದ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಹೊಸ ಸವಾರರನ್ನು ದಂಗುಬಡಿಸುತ್ತಿದ್ದದ್ದು ಎಡಗಾಲಿನ ಬಳಿ ಇದ್ದ ಒಂದೇ ಒಂದು ಲಿವರು. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ತಂದರೆ ಅದೇ ಗೇರು. ಕೈಯ ಕ್ಲಚ್ಚು ಹಿಡಿಯದೆಯೂ ಕಾಲಿನಲ್ಲಿಯೇ ಗೇರು ಬದಲಿಸಬಹುದಾಗಿತ್ತು, ಏಕೆಂದರೆ ಆ ಲಿವರನ್ನು ಒತ್ತಿದಾಗ ಕ್ಲಚ್ಚು ತಾನೇ ಬಿಡುತ್ತಿತ್ತು. ಪಾಯಿಂಟ್ ಸರಿಯಾಗಿ ಕೂರಿಸದಿದ್ದರೆ ಕಿಕ್ಕರ್ ತಿರುಗಿ ಹೊಡೆಯುತ್ತಿತ್ತು. ಆ ಕಾಲದ ಸವಾರರ ಮೊಣಕಾಲ ಕೆಳಗಿನ ಗಾಯದ ಗುರುತು ನೋಡಿದರೆ ಸಾಕು, ಯಾವ ಗಾಡಿ ಇಟ್ಟಿದ್ದರು ಎಂದು ಹೇಳಬಹುದು.

ಇಷ್ಟೆಲ್ಲ ರಗಳೆಯ ಗಾಡಿಯನ್ನು ಜನ ಮೆಚ್ಚಿದ್ದು ಏಕೆ? ಒಂದು ಕಾರಣ ನಮ್ಮ ರಸ್ತೆಗಳು. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಮಸಿನಗುಡಿಯಿಂದ ಉದಕಮಂಡಲಕ್ಕೆ ಹತ್ತುವ ಕಲ್ಲಟ್ಟಿ ದಾರಿಯಲ್ಲಿ 36. ಹಿಂದೆ ಒಬ್ಬ ಕೂತು, ನಡುವೆ ಒಂದು ಚೀಲ ಇಟ್ಟುಕೊಂಡು ಇಂಥ ಏರು ಹತ್ತುವುದಕ್ಕೆ ಎಳೆತ ಬೇಕು. ಅದು ಇದರಲ್ಲಿತ್ತು. ಮೈ ಭಾರ, ಆದರೆ ತಿರುವಿನಲ್ಲಿ ನೆಲ ಕಚ್ಚಿ ನಿಲ್ಲುತ್ತಿತ್ತು. 1978ರಲ್ಲಿ ಬಂದ ರೋಡ್‌ಕಿಂಗ್ ಎಂಬ ಮಾದರಿಯಂತೂ ಓಟಕ್ಕೆಂದೇ ಹೆಸರಾಯಿತು. ಮದರಾಸಿನ ಹತ್ತಿರ ಶೋಲಾವರಂ ಬಯಲಿನಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಈ ಗಾಡಿಗಳನ್ನು ಸ್ವಂತ ಖರ್ಚಿನಲ್ಲಿ ತಿದ್ದಿ ತೀಡಿ ಓಡಿಸಿದ ಹುಡುಗರು ಎಷ್ಟೋ ಮಂದಿ. ಇನ್ನೊಂದು ಕಾರಣ ರಿಪೇರಿ. ನಾಲ್ಕು ಸ್ಪ್ಯಾನರು, ಒಂದು ಉಪ್ಪುಕಾಗದದ ಚೂರು ಇದ್ದರೆ ಮರದ ನೆರಳಿನಲ್ಲಿ ಕೂತು ಗಾಡಿಯನ್ನು ಮತ್ತೆ ಓಡುವಂತೆ ಮಾಡಬಹುದಿತ್ತು. ಸೈಲೆನ್ಸರ್ ಒಳಗೆ ಮಸಿ ಕಟ್ಟಿದರೆ ಬಿಚ್ಚಿ, ಬೆಂಕಿಯಲ್ಲಿ ಸುಟ್ಟು, ತಟ್ಟಿ ಹಾಕುತ್ತಿದ್ದರು. ನಮ್ಮ ಸಣ್ಣ ಪೇಟೆಗಳ ಮೇಸ್ತ್ರಿಗಳಲ್ಲಿ ಒಂದು ತಲೆಮಾರು ಕೈ ಪಳಗಿಸಿಕೊಂಡದ್ದೇ ಈ ಎಂಜಿನ್ನಿನ ಮೇಲೆ.

ಹಾಗಾದರೆ ಮುಚ್ಚಿದ್ದು ಏಕೆ? ಅಭಿಮಾನಿಗಳನ್ನು ಕೇಳಿದರೆ ಹೊಗೆಯ ಕಾನೂನು ಎನ್ನುತ್ತಾರೆ. ಇನ್ನು ಕೆಲವರು ಕಾರ್ಮಿಕರ ಮುಷ್ಕರ ಎನ್ನುತ್ತಾರೆ. ಎರಡರಲ್ಲೂ ನಿಜವುಂಟು. ಪೆಟ್ರೋಲಿನ ಜೊತೆಗೆ ಆಯಿಲ್ಲೂ ಸುಡುವ ಎಂಜಿನ್ನು ನೀಲಿ ಹೊಗೆ ಬಿಡುವುದು ಸಹಜ. ಪೆಟ್ರೋಲ್ ವಾಹನಗಳ ಹೊಗೆಗೆ ನಮ್ಮ ದೇಶದಲ್ಲಿ 1991ರಲ್ಲಿ ಮಿತಿ ಹಾಕಿದರು, 1996ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಆಡಳಿತಕ್ಕೂ ಕೆಲಸಗಾರರಿಗೂ ತಿಕ್ಕಾಟವಿದ್ದದ್ದೂ ಹೌದು. ಆದರೆ ನನಗೆ ತೋರುವಂತೆ ದೊಡ್ಡ ಪೆಟ್ಟು ಬಿದ್ದದ್ದು ಅದಕ್ಕೆ ಹತ್ತು ವರ್ಷ ಮೊದಲೇ. 1984 ಮತ್ತು 1985ರಲ್ಲಿ ಜಪಾನಿನ ಕೂಡುವಳಿಯ 100 ಸಿ.ಸಿ. ಗಾಡಿಗಳು ಒಂದರ ಹಿಂದೊಂದು ಬಂದವು: ಇಂಡ್ ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100. ಹೀರೋ ಹೋಂಡಾದವರು ಲೀಟರಿಗೆ 80 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟರು. ನಮ್ಮ ಯೆಜ್ಡಿ ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ಆಯಿಲ್ ಬೆರೆಸುವ ಗೋಜಿಲ್ಲ, ಕಾಲಿಗೆ ಹೊಡೆಯುವ ಕಿಕ್ಕರ್ ಇಲ್ಲ, ಬೆಳಿಗ್ಗೆ ಒಂದೇ ಒದೆಗೆ ಶುರು. ಶಾಲೆಯ ಮೇಷ್ಟ್ರು, ಹಾಲಿನವರು, ಬ್ಯಾಂಕಿನ ಗುಮಾಸ್ತರು ಲೆಕ್ಕ ಹಾಕಿದರು, ಗಾಡಿ ಬದಲಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ತಿಂಗಳ ಸಂಬಳದಲ್ಲಿ ಪೆಟ್ರೋಲ್ ಹಾಕಿಸುವವರು ಅಭಿಮಾನಕ್ಕಾಗಿ ಎರಡು ಪಟ್ಟು ಖರ್ಚು ಮಾಡಬೇಕೆಂದು ಯಾರು ಹೇಳಲಾದೀತು? ಆದರೆ ಕಾರ್ಖಾನೆ ಮುಚ್ಚಿದಾಗ ನಿಟ್ಟುಸಿರು ಬಿಟ್ಟವರಲ್ಲಿ ಬಹಳ ಮಂದಿ ಅದರ ಹೊಸ ಗಾಡಿಯನ್ನು ಕೊಳ್ಳುವುದನ್ನು ಅಷ್ಟರಲ್ಲಾಗಲೇ ಬಿಟ್ಟವರು ಎಂಬುದನ್ನು ಮರೆಯಬಾರದು.

ಮುಚ್ಚಿದ ಸುದ್ದಿ ಬಂದಾಗ ಮೊದಲು ಬಿದ್ದದ್ದು ಬೆಲೆ. ಬಿಡಿಭಾಗ ಸಿಗುವುದಿಲ್ಲವಂತೆ ಎಂಬ ಮಾತು ಹಬ್ಬಿದೊಡನೆ ಎಷ್ಟೋ ಗಾಡಿಗಳು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹೋದವು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಸೇರಿದವು. ಆದರೆ ಮಾರಲು ಒಪ್ಪದ ಒಂದು ಜಾತಿಯ ಜನ ಇದ್ದರು. ಸಿಕ್ಕಸಿಕ್ಕಲ್ಲಿ ಪಿಸ್ಟನ್ನು, ರಿಂಗು, ಕಾರ್ಬೊರೇಟರು, ದೀಪದ ಗಾಜು ಕೊಂಡು ಟ್ರಂಕಿನಲ್ಲಿ ತುಂಬಿಟ್ಟರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಟ್ಟದ ಮೇಲೆ ಧೂಳು ಹಿಡಿದಿದ್ದ ಡಬ್ಬಿಗಳನ್ನು ಇಳಿಸಿ ನೋಡಿದರು. ಕಾರ್ಖಾನೆಯ ಮುದ್ರೆ ಇರುವ ಭಾಗ ಸಿಕ್ಕರೆ ಚಿನ್ನ ಸಿಕ್ಕಷ್ಟು ಸಂತೋಷ. ಸಿಗದಿದ್ದಾಗ ಲೇತಿನವನ ಬಳಿ ಹೋಗಿ, ಹಳೆಯದನ್ನು ತೋರಿಸಿ, ಹೊಸದು ಮಾಡಿಸಿದರು. ಮೇಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ "ಅಣ್ಣಾ, ಇದಕ್ಕೆ ಸಾಮಾನು ಇನ್ನೂ ಸಿಗುತ್ತಾ?" ಎಂದು ಕೇಳಿದರೆ, "ಸಾಮಾನು ಸಿಗುತ್ತೆ ಸಾರ್, ಬಿಚ್ಚೋ ಕೈ ಸಿಗಲ್ಲ" ಎಂಬ ಉತ್ತರ ಬರುವ ಕಾಲವೂ ಬಂತು. ಪಳಗಿದ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿತ್ತು.

ಗಡಿಯವರ ಪಾಡು ಇನ್ನೊಂದು ಬಗೆ. ಮೈಸೂರಿನಲ್ಲಿ ಕೊಂಡ ಹಳೆಯ ಗಾಡಿ ವಯನಾಡಿನಲ್ಲಿಯೋ ತಾಳವಾಡಿಯಲ್ಲಿಯೋ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ, ಕಾನೂನಿನಂತೆ ಆ ರಾಜ್ಯದ ನಂಬರು ಪಡೆಯಬೇಕು. ಅದಕ್ಕೆ ಮೊದಲು ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಮುಂದುವರಿಸಬೇಕು. ತಾತನ ಹೆಸರಿನಲ್ಲಿ ಆರ್.ಸಿ. ಪುಸ್ತಕ, ತಂದೆಯ ಬಳಿ ಗಾಡಿ, ಮಗನ ಕೈಯಲ್ಲಿ ಕೀಲಿ. ಕಾಗದ ಒಂದು ಭಾಷೆಯಲ್ಲಿ, ಅರ್ಜಿ ಇನ್ನೊಂದು ಭಾಷೆಯಲ್ಲಿ. ಹಳೆಯ ಮೈಸೂರು ರಾಜ್ಯದ ಕಾಲದ ಎಂ.ವೈ. ಅಕ್ಷರದ ನಂಬರು ಬಿಟ್ಟುಕೊಡಲು ಮನಸ್ಸಿಲ್ಲದೆ, ಗಾಡಿಯನ್ನೇ ಮೈಸೂರಿನ ನೆಂಟರ ಮನೆಯಲ್ಲಿ ನಿಲ್ಲಿಸಿದವರುಂಟು.

ಹೊಸ ಶತಮಾನದಲ್ಲಿ ಗಾಳಿ ತಿರುಗಿತು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಪುಣೆಯಲ್ಲಿ ಸವಾರರು ಸಂಘ ಕಟ್ಟಿಕೊಂಡರು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನ ಎಂದು ಆಚರಿಸುವ ಪದ್ಧತಿ ಬೇರೂರಿತು. ಅಂದು ತೊಳೆದು ಹೊಳಪಿಟ್ಟ ಗಾಡಿಗಳು ಸಾಲಾಗಿ ಹೊರಡುತ್ತವೆ, ನೀಲಿ ಹೊಗೆ ಮತ್ತು ಆಯಿಲ್ಲಿನ ವಾಸನೆ ಬೀದಿ ತುಂಬುತ್ತದೆ. ಕಾರ್ಖಾನೆ ಮುಚ್ಚಿದಾಗ ಹುಟ್ಟಿಯೇ ಇರದಿದ್ದ ಹುಡುಗರು, ಹುಡುಗಿಯರು ಅದರಲ್ಲಿರುತ್ತಾರೆ. ಗುಜರಿಗೆ ಹೋಗದೆ ಉಳಿದ ಗಾಡಿಗಳ ಬೆಲೆ ಈಗ ಏರಿದೆ. ಕೊಟ್ಟಿಗೆಯ ಗಾಡಿಯನ್ನು ಕೇಳಿಕೊಂಡು ಪಟ್ಟಣದವರು ನಮ್ಮ ಹಳ್ಳಿಗಳಿಗೂ ಬರುತ್ತಾರೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ಮೊದಲ ದಿನವೇ ಒಪ್ಪಿಬಿಡಬೇಡಿ.

2018ರ ನವೆಂಬರಿನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಮರಳಿತು. ಟ್ಯಾಂಕಿನ ಆಕಾರ ಹಳೆಯದರಂತೆ, ಹೊಗೆ ಕೊಳವೆ ಮತ್ತೆ ಎರಡು. ಎಂಜಿನ್ನು ಮಾತ್ರ ಫೋರ್ ಸ್ಟ್ರೋಕು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ಅಭಿಮಾನಿಗಳು ಇಬ್ಭಾಗವಾದರು. ಹೆಸರು ಉಳಿಯಿತಲ್ಲ ಎಂದು ಮೊದಲ ದಿನವೇ ಮುಂಗಡ ಕಟ್ಟಿದವರಿದ್ದರು. ಸದ್ದು ಬೇರೆ, ಊರು ಬೇರೆ, ಇದು ನಮ್ಮದಲ್ಲ ಎಂದು ಮುಖ ತಿರುಗಿಸಿದವರೂ ಇದ್ದರು. ನನಗೆ ಎರಡನೆಯವರ ಸಿಟ್ಟು ಅರ್ಥವಾಗುತ್ತದೆ, ಆದರೆ ಟೂ ಸ್ಟ್ರೋಕು ಎಂಜಿನ್ನು ಮತ್ತೆ ಬೇಕೆಂಬ ಹಟ ಇಂದಿನ ಹೊಗೆಯ ನಿಯಮಗಳ ಮುಂದೆ ನಡೆಯುವಂಥದ್ದಲ್ಲ.

ಇಷ್ಟು ಹೊತ್ತು ಗಾಡಿಯ ಮಾತಾಯಿತು. ಅದನ್ನು ಮಾಡಿದವರ ಮಾತು ಅಭಿಮಾನಿಗಳ ಕೂಟಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಐಡಿಯಲ್ ಜಾವಾ ಕಂಪನಿ ಹೈಕೋರ್ಟಿನ ಮೂಲಕ ಲಿಕ್ವಿಡೇಟರ್ ಕೈಗೆ ಹೋಯಿತು. ಹಾಗೆ ಹೋದ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಕೆಲಸಗಾರರ ಬಾಕಿಯನ್ನು ಅಡಮಾನ ಹಿಡಿದ ಬ್ಯಾಂಕುಗಳ ಸಾಲಕ್ಕೆ ಸಮನಾಗಿ ಎಣಿಸಬೇಕೆಂದು 1985ರಲ್ಲೇ ಕಂಪನಿ ಕಾನೂನಿಗೆ ತಿದ್ದುಪಡಿಯಾಗಿತ್ತು. ಕಾನೂನು ಬರೆದದ್ದು ಒಂದು, ಕೈಗೆ ಹಣ ಬರುವುದು ಒಂದು. ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೆ ಬಂದಾಗ, ಹೆಸರು ಮುಚ್ಚಿದ ಕಂಪನಿಯದೇ ಎಂದು ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದರ ಮೇಲೆ ಮೇಲ್ಮನವಿ ಹೋಯಿತು. ಅದರ ಒಳಸುಳಿಗಳನ್ನು ವಕೀಲರಿಗೆ ಬಿಡೋಣ. ಹೆಸರು ಕಂಪನಿಯದಾದರೆ ಅದರ ಬೆಲೆಯೂ ಬಾಕಿ ತೀರಿಸುವ ಗಂಟಿಗೆ ಸೇರಬೇಕು. ಎಂದರೆ ಕಾರ್ಖಾನೆ ಮುಚ್ಚಿದಾಗ ಯಾದವಗಿರಿಯ ಗೇಟಿನಿಂದ ಬರಿಗೈಯಲ್ಲಿ ಹೊರಬಂದ ಫಿಟ್ಟರು, ಟರ್ನರು, ಬಣ್ಣ ಹೊಡೆಯುವವರು, ಅವರಿಲ್ಲದಿದ್ದರೆ ಅವರ ಹೆಂಡಿರು ಮಕ್ಕಳು, ಇವರಿಗೂ ಆ ಎರಡಕ್ಷರದ ಹೆಸರಿನಲ್ಲಿ ಪಾಲು ಕೇಳುವ ದಾರಿ ಅದು.

ಮುಂದಿನ ಜುಲೈ ತಿಂಗಳ ಎರಡನೆಯ ಭಾನುವಾರ ಈ ಸವಾರರು ನಿಮ್ಮೂರಿನ ದಾರಿಯಲ್ಲಿ ಬಂದು ಚಹಾಕ್ಕೆ ನಿಲ್ಲಬಹುದು. ಗಾಡಿಯ ಬಗ್ಗೆ ಕೇಳಿ, ಸಂತೋಷದಿಂದ ಹೇಳುತ್ತಾರೆ. ಹಾಗೆಯೇ, ಆ ಕಾರ್ಖಾನೆಯಲ್ಲಿ ದುಡಿದವರು ಯಾರಾದರೂ ಈ ಸಲ ನಿಮ್ಮ ಜೊತೆ ಬಂದಿದ್ದಾರೆಯೇ ಎಂದೂ ಒಂದು ಮಾತು ಕೇಳಿ ನೋಡಿ.