ಯೋಧರ ಪ್ರಾಣರಕ್ಷಣೆಯೂ ರಾಜ್ಯದ ಹೊಣೆಯೂ



ದೇಶಕ್ಕಾಗಿ ಪ್ರಾಣವನ್ನು ಪಣವಾಗಿಟ್ಟ ಯೋಧನು ರಣರಂಗದಿಂದ ಕ್ಷೇಮವಾಗಿ ಮರಳಿಯೂ ತಾನಾಗಿಯೇ ಪ್ರಾಣವನ್ನು ನೀಗಿಕೊಂಡರೆ, ಅದರ ಹೊಣೆಯು ಯಾರದು? ಆಸ್ಟ್ರೇಲಿಯಾ ದೇಶವು ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ತಮ್ಮಲ್ಲಿ ಅರಿಕೆಮಾಡುತ್ತೇನೆ.

1997ರಿಂದ 2021ರವರೆಗೆ ಅಲ್ಲಿಯ ಹಾಲಿ ಮತ್ತು ಮಾಜಿ ಸೈನಿಕರಲ್ಲಿ ಕಡಿಮೆಯೆಂದರೂ 1,677 ಮಂದಿ ಆತ್ಮಹತ್ಯೆಯಿಂದ ಅಳಿದರು. ಅನಾರೋಗ್ಯದ ಕಾರಣದಿಂದ ಬಲವಂತವಾಗಿ ಸೇವೆಯಿಂದ ಬಿಡುಗಡೆ ಹೊಂದಿದವರಲ್ಲಿ ಅಪಾಯವು ಮತ್ತಷ್ಟು ಅಧಿಕವಾಗಿದ್ದಿತು. 50ಕ್ಕೂ ಮಿಗಿಲಾದ ವಿಚಾರಣೆಗಳು ಹಿಂದೆಯೇ ನಡೆದಿದ್ದುವು. ಅವುಗಳ ಸಲಹೆಗಳಲ್ಲಿ ಬಹುಪಾಲು ಕಡತಗಳಲ್ಲಿಯೇ ಉಳಿದುವು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಎಡೆಬಿಡದ ಮೊರೆಯಿಂದ 2021ರಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ನಿಕ್ ಕಾಲ್ಡಾಸರ ಅಧ್ಯಕ್ಷತೆಯ ಆ ಮಂಡಲಿಯು 2024ರ ಸೆಪ್ಟೆಂಬರ್ 9ರಂದು 122 ಶಿಫಾರಸುಗಳನ್ನು ಒಪ್ಪಿಸಿತು. ಸೈನ್ಯಕ್ಕೂ ಇಲಾಖೆಗಳಿಗೂ ಅಧೀನವಲ್ಲದ, ಶಾಸನಬದ್ಧವಾದ ಮೇಲ್ವಿಚಾರಣಾ ಸಂಸ್ಥೆಯೊಂದು ಇರತಕ್ಕದ್ದೆಂಬುದೇ ಅವುಗಳಲ್ಲಿ ಕಟ್ಟಕಡೆಯದು, ಕಳಶಪ್ರಾಯವಾದುದು. ಅದರಂತೆ 2025ರ ಸೆಪ್ಟೆಂಬರ್ 29ರಂದು ಸ್ವತಂತ್ರ ಆಯೋಗವು ಕಾರ್ಯಾರಂಭ ಮಾಡಿತು.

ಇದರ ಅವಶ್ಯಕತೆಯೇನೆಂದು ತಾವು ಕೇಳಬಹುದು. ಮನೋವ್ಯಥೆಯನ್ನು ಹೇಳಿಕೊಂಡರೆ ಹುದ್ದೆಗೆ ಕುಂದೆಂದು ಸೈನಿಕನು ಅಂಜುವನು. ದೂರನ್ನು ಕೇಳುವವನೂ ಮೇಲಧಿಕಾರಿಯೇ ಆದಲ್ಲಿ ಅದು ಅಲ್ಲಿಯೇ ಅಡಗುವುದು. ಆದಕಾರಣ ಹೊರಗಿನ ಕಣ್ಣು ಬೇಕು. ಆದರೆ ಆಯೋಗವು ವಿಚಾರಿಸಿ ವರದಿ ಮಾಡಬಲ್ಲುದು. ನಡೆಸಿಕೊಡುವ ಭಾರವು ಸರ್ಕಾರದ್ದೇ. ಜನರು ಎಚ್ಚರದಪ್ಪಿದರೆ ಈ ವರದಿಗಳಿಗೂ ಹಳೆಯ ಗತಿಯೇ ಬಂದೀತು.

ಬಂಧುಗಳೇ, ದಾಸೋಹವು ಬಡಿಸಿದ ಮಾತ್ರಕ್ಕೆ ಮುಗಿಯದು. ಹಸಿದವರು ಇನ್ನೂ ಉಳಿದಿರುವರೇ ಎಂದು ಪಂಕ್ತಿಯ ಕೊನೆಯವರೆಗೆ ನೋಡಿ ಬರಬೇಕು. ಯೋಧರ ವಿಷಯದಲ್ಲಿ ರಾಜ್ಯದ ಧರ್ಮವೂ ಅಂತಹದೇ.