ದೀಪ ಎಚ್ಚರಿಸುತ್ತದೆ, ಗೇಜು ಅಳೆಯುತ್ತದೆ



ಈ ಹೊತ್ತು ತಮ್ಮೊಡನೆ ಬೆಳೆಯ ವಿಚಾರವನ್ನಲ್ಲ, ಬೆಳೆಯನ್ನೂ ಮನೆಮಂದಿಯನ್ನೂ ಹೊರುವ ಗಾಡಿಯ ವಿಚಾರವನ್ನು ಮಾತಾಡಬೇಕೆಂದಿದ್ದೇನೆ. ಕಂಪ್ಲಿಯ ಭತ್ತವಾಗಲಿ, ಹೊಸಪೇಟೆ ಕಡೆಯ ಬಾಳೆ, ಕಬ್ಬಾಗಲಿ, ಸಂಡೂರಿನ ಮೆಕ್ಕೆಜೋಳವಾಗಲಿ, ಟಯರಿನ ಮೇಲೆಯೇ ಊರು ಬಿಟ್ಟು ಹೊರಡಬೇಕು. ಆ ಭಾರವನ್ನು ಹೊರುವುದು ಬರಿಯ ರಬ್ಬರಲ್ಲ, ಒಳಗಿನ ಗಾಳಿ.

ಗಾಳಿಯನ್ನು ತಿಳಿಯಲು ಈಗ ಎರಡು ದಾರಿಗಳಿವೆ. ಒಂದು, ವಾಲ್ವಿಗೆ ಒತ್ತಿ ನೋಡುವ ಕೈಗೇಜು. ಇನ್ನೊಂದು, ಹೊಸ ಕಾರುಗಳಲ್ಲಿ ಬರುತ್ತಿರುವ ಸೆನ್ಸರು. ಗಾಳಿ ಇಳಿದರೆ ಸ್ಟೀರಿಂಗಿನ ಮುಂದೆ ಹಳದಿ ದೀಪ ಹತ್ತುತ್ತದೆ. ಕುದುರೆ ಲಾಳದಂಥ ಗೆರೆ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. "ದೀಪ ಐತಲ್ರೀ, ಇನ್ನು ಗೇಜು ಯಾಕ ಬೇಕು?" ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಕೆಲಸ.

ನಮ್ಮ ತುಂಗಭದ್ರೆಯನ್ನೇ ನೋಡಿ. ಜಲಾಶಯ ತುಂಬಿದ ಮಟ್ಟ 1633 ಅಡಿ. ಇಂದು ಎಷ್ಟು ಅಡಿ ಇದೆ ಎಂಬುದನ್ನು ಅಳತೆಯಿಂದ ತಿಳಿಯುತ್ತೇವೆ. ಹೊಳೆಗೆ ನೀರು ಬಿಡುವಾಗ ದಡದ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಕಂಪ್ಲಿಯ ಸೇತುವೆ ಮುಳುಗುವುದನ್ನು ತಾವು ಕಂಡವರೇ. ಎಚ್ಚರಿಕೆ ಬರುವುದು ಅಪಾಯ ಹತ್ತಿರವಾದ ಮೇಲೆ. ಅಳತೆ ದಿನವೂ ಇರುತ್ತದೆ. ದೀಪ ಎಂಬುದು ಎಚ್ಚರಿಕೆ. ಗೇಜು ಎಂಬುದು ಅಳತೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಹೋದ ಬೇಸಿಗೆಯಲ್ಲಿ ನಮ್ಮ ಬಳಗದವರೊಬ್ಬರು ಕಂಪ್ಲಿಯಿಂದ ಹಂಪಿಗೆ ಹೋಗಿ, ಅಲ್ಲಿಂದ ಸಂಡೂರಿನ ಕುಮಾರಸ್ವಾಮಿಯ ದರ್ಶನಕ್ಕೆ ಹೊರಟಿದ್ದರು. ಕಾರಿನಲ್ಲಿ ಹಿರಿಯರು, ಮಕ್ಕಳು ಸೇರಿ ಏಳು ಮಂದಿ. ದಾರಿಯಲ್ಲಿ ದೀಪ ಹತ್ತಿತು. ಯಾರೋ ಹೇಳಿಕೊಟ್ಟಿದ್ದ ಗುಂಡಿ ಒತ್ತಿದರು, ದೀಪ ಆರಿತು. "ಸರಿ ಆಯ್ತು ಬಿಡ್ರಿ" ಎಂದು ಮುಂದೆ ಸಾಗಿದರು. ಗುಡ್ಡದ ತಿರುವಿನಲ್ಲಿ ಹಿಂದಿನ ಟಯರಿನ ಪಕ್ಕೆ ಹರಿಯಿತು. ಗಾಡಿ ನಿಧಾನವಾಗಿದ್ದುದರಿಂದ ಏಳು ಜೀವಗಳು ಉಳಿದವು. ಉಳಿದ ಮೂರು ಟಯರುಗಳನ್ನು ಅಳೆದಾಗ 33 ಪೌಂಡು ಇರಬೇಕಾದ ಕಡೆ 22, 23ರ ಮೇಲೆ ಇರಲಿಲ್ಲ!

ಹೀಗೇಕಾಯಿತು? ಸೆನ್ಸರಿನಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಚಕ್ರದೊಳಗೆ ವಾಲ್ವಿನ ಬುಡದಲ್ಲಿ ಕೂತು, ಗಾಳಿಯನ್ನು ತಾನೇ ಅಳೆದು, ರೇಡಿಯೋ ಅಲೆಯ ಮೂಲಕ ಸುದ್ದಿ ಕಳಿಸುತ್ತದೆ. ಎರಡನೆಯದು ಗಾಳಿಯನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಚಕ್ರ ಕೊಂಚ ಗಿಡ್ಡವಾಗಿ, ಅಷ್ಟೇ ದಾರಿಗೆ ಹೆಚ್ಚು ಸುತ್ತು ತಿರುಗುತ್ತದೆ. ಬ್ರೇಕಿನ ಸೆನ್ಸರು ಆ ಸುತ್ತುಗಳನ್ನು ಎಣಿಸಿ, ಉಳಿದ ಚಕ್ರಗಳೊಡನೆ ಹೋಲಿಸುತ್ತದೆ. ನಾಲ್ಕೂ ಚಕ್ರಗಳು ಮೆಲ್ಲಮೆಲ್ಲನೆ ಸಮವಾಗಿ ಇಳಿದರೆ ಇದಕ್ಕೆ ಗೊತ್ತಾಗದೆ ಹೋಗಬಹುದು. ಆ ಗುಂಡಿ ಇರುವುದು ಗಾಳಿ ಸರಿಮಾಡಿಸಿದ ಮೇಲೆ ಒತ್ತುವುದಕ್ಕೆ. ಮೊದಲೇ ಒತ್ತಿದರೆ, ಕಡಿಮೆ ಗಾಳಿಯನ್ನೇ ಸರಿಯೆಂದು ಗಾಡಿಗೆ ಕಲಿಸಿದಂತಾಯಿತು.

ಮೊದಲನೆಯ ಬಗೆಯದಾದರೂ ದೀಪ ತಡವಾಗಿಯೇ ಹತ್ತುತ್ತದೆ. ಅಮೆರಿಕದಲ್ಲಿ 2007ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದೆ. ಅಲ್ಲಿನ ನಿಯಮದಂತೆ, ಇರಬೇಕಾದ ಗಾಳಿಯಲ್ಲಿ ನಾಲ್ಕನೆಯ ಒಂದು ಪಾಲು ಇಳಿದಾಗ ಎಚ್ಚರಿಸಿದರೆ ಸಾಕು. ಎಂದರೆ 32 ಪೌಂಡು ಬೇಕಾದ ಟಯರು 26ಕ್ಕೆ ಇಳಿದಿದ್ದರೂ ದೀಪ ಸುಮ್ಮನಿರಬಹುದು. ಅಷ್ಟರೊಳಗೆ ಟಯರಿನ ಅಂಚು ಸವೆಯುತ್ತಿರುತ್ತದೆ, ಎಣ್ಣೆಯೂ ಹೆಚ್ಚು ಸುಡುತ್ತಿರುತ್ತದೆ.

"ಗೇಜು 32 ಅಂತದ, ಕಾರು 35 ತೋರಸ್ತದ, ಯಾವುದನ್ನ ನಂಬೋಣ?" ಎಂದೂ ಕೇಳುವುದುಂಟು. ಎರಡೂ ನಿಜವಿರಬಹುದು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಕಾರಿನ ಟಯರಿನಲ್ಲಿ ಸುಮಾರು ಒಂದೂವರೆ ಪೌಂಡು ಹೆಚ್ಚುತ್ತದೆ. ಬೆಳಿಗ್ಗೆ ಗೇಜು ಹೇಳಿದ್ದು ತಣ್ಣಗಿನ ಲೆಕ್ಕ. ಮಧ್ಯಾಹ್ನ ಬಳ್ಳಾರಿ ರಸ್ತೆಯಲ್ಲಿ ಓಡುವಾಗ ಕಾರು ತೋರಿಸಿದ್ದು ಬಿಸಿಯ ಲೆಕ್ಕ. ಗಾಡಿಯ ಪುಸ್ತಕದಲ್ಲಿ ಬರೆದಿರುವುದು ತಣ್ಣಗಿನ ಅಳತೆ. ಆದ್ದರಿಂದ ಬಿಸಿ ಟಯರಿನಿಂದ ಗಾಳಿ ಬಿಡಬೇಡಿ. ರಾತ್ರಿ ತಣ್ಣಗಾದಾಗ ಅದು ಕಡಿಮೆಯಾಗಿ ಉಳಿಯುತ್ತದೆ. ತಣ್ಣಗಿದ್ದಾಗಲೂ ಮೂರು ನಾಲ್ಕು ಪೌಂಡಿನ ಅಂತರ ಕಂಡರೆ, ಇನ್ನೊಂದು ಒಳ್ಳೆಯ ಗೇಜಿನಿಂದ ತಾಳೆ ನೋಡಿ. ಕೆಳಗೆ ಬಿದ್ದ ಗೇಜು ಸುಳ್ಳು ಹೇಳಬಹುದು.

ಇನ್ನು ನಮ್ಮ ಟ್ರ್ಯಾಕ್ಟರು, ಟ್ರೇಲರುಗಳ ಮಾತು. ಇವುಗಳಲ್ಲಿ ಸಾಮಾನ್ಯವಾಗಿ ದೀಪವೂ ಇಲ್ಲ, ಸೆನ್ಸರೂ ಇಲ್ಲ, ಗೇಜೇ ಗತಿ. ಟ್ರ್ಯಾಕ್ಟರಿನ ಹಿಂದಿನ ಟಯರಿಗೆ ಬೇಕಾದ ಗಾಳಿ ಬಹಳ ಕಡಿಮೆ. 150 ಪೌಂಡಿನವರೆಗೆ ಅಳೆಯುವ ಲಾರಿ ಗೇಜಿನಲ್ಲಿ 12ಕ್ಕೂ 15ಕ್ಕೂ ಇರುವ ಭೇದ ಸರಿಯಾಗಿ ಕಾಣದು. ಕಡಿಮೆ ಒತ್ತಡದ ಗೇಜನ್ನೇ ಕೇಳಿ ಕೊಳ್ಳಿ. ಹಿಂದಿನ ಟಯರಿಗೆ ನೀರು ತುಂಬಿಸಿದ್ದರೆ ವಾಲ್ವು ಮೇಲುಗಡೆ ಬರುವಂತೆ ನಿಲ್ಲಿಸಿ ಅಳೆಯಿರಿ. ಗದ್ದೆಗೆ ಒಂದು ಅಳತೆ, ಕಬ್ಬು ಹೇರಿ ರಸ್ತೆಗಿಳಿದಾಗ ಇನ್ನೊಂದು. ಎರಡನ್ನೂ ಪುಸ್ತಕದಲ್ಲಿ ನೋಡಿಕೊಳ್ಳಿ. ಟ್ರೇಲರಿನ ಟಯರನ್ನಂತೂ ನಾವು ಕಾಲಿನಿಂದ ಒದ್ದು ನೋಡಿ ಸುಮ್ಮನಾಗುತ್ತೇವೆ. ಒದೆತ ಅಳತೆಯಲ್ಲ.

ಕೊನೆಗೆ ಕೆಲವು ಮಾತುಗಳನ್ನು ನೆನಪಿನಲ್ಲಿಡಿ:

ತಿಂಗಳಿಗೊಮ್ಮೆಯಾದರೂ, ದೂರ ಪ್ರಯಾಣಕ್ಕೆ ಮೊದಲು ತಪ್ಪದೆ, ಬೆಳಗಿನ ತಂಪಿನಲ್ಲಿ ಗಾಳಿ ಅಳೆಯಿರಿ. ಕಾರಿಗೆ ಎಷ್ಟು ಗಾಳಿ ಎಂಬುದು ಬಾಗಿಲ ಚೌಕಟ್ಟಿನ ಚೀಟಿಯಲ್ಲಿಯೋ ಪುಸ್ತಕದಲ್ಲಿಯೋ ಇರುತ್ತದೆ. ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅತಿ ಹೆಚ್ಚಿನ ಒತ್ತಡದ ಅಂಕಿಯನ್ನು ಅದೆಂದು ತಿಳಿಯಬೇಡಿ.

ದೀಪ ಹತ್ತಿದರೆ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೋಡಿ. ಗಾಡಿ ಶುರು ಮಾಡಿದಾಗ ದೀಪ ಮಿನುಗಿ ಮಿನುಗಿ ಆಮೇಲೆ ಆರದೆ ಹತ್ತಿಯೇ ಇದ್ದರೆ, ಅನೇಕ ಕಾರುಗಳಲ್ಲಿ ಅದು ಸೆನ್ಸರೇ ಕೆಟ್ಟ ಗುರುತು.

ಟಯರು ಬಿಚ್ಚುವ ಮೊದಲು, ಒಳಗೆ ಸೆನ್ಸರು ಇದೆಯೆಂದು ಪಂಕ್ಚರ್ ಅಂಗಡಿಯವನಿಗೆ ಹೇಳಿ. ಹೇಳದಿದ್ದರೆ ಅದು ಮುರಿದೀತು.

ಸೆನ್ಸರೂ ಪಂಕ್ಚರ್ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲವೆಂದು 2020ರಲ್ಲಿ ನಮ್ಮ ದೇಶದಲ್ಲಿ ನಿಯಮವಾಗಿದೆ. ತಮ್ಮ ಕಾರಿನಲ್ಲಿ ಸ್ಟೆಪ್ನಿ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಒಂದು ಟಯರಿನ ಬೆಲೆಯ ಮುಂದೆ ಗೇಜಿನ ಬೆಲೆ ಎಷ್ಟರದು? ಮನೆಯ ಗೂಡಿನಲ್ಲಿ ಒಂದು ಗೇಜು ಇರಲಿ. ಹೊರಡುವ ಮುಂಜಾನೆ ಅದನ್ನು ಕೈಗೆತ್ತಿಕೊಳ್ಳುವುದು ಮನೆಯ ಅಭ್ಯಾಸವಾಗಲಿ.